ವಿಮಾನ ಹತ್ತುವ ಮುಂಚೆ ಎಲ್ಲಿ ಉಣ್ಣಬೇಕು? ಕಲಬುರಗಿ, ಬೀದರ, ಯಾದಗಿರಿಯವರಿಗೆ ಒಂದು ಹೋಲಿಕೆ

ನಮ್ಮ ಕಡೆಯ ಮಂದಿ ವಿಮಾನಕ್ಕೆ ಹೊರಟರೆ ಉಣ್ಣಲು ಸಿಗುವ ಜಾಗ ಐದು. ಮನೆ ಇಲ್ಲವೆ ಊರೊಳಗಿನ ಹೋಟೆಲು, ದಾರಿಯ ಧಾಬಾ, ಟರ್ಮಿನಲ್ಲಿನ ಹೊರಗಿನ ಅಂಗಳ, ಟರ್ಮಿನಲ್ಲಿನೊಳಗೆ ಭದ್ರತಾ ತಪಾಸಣೆಗೆ ಮುಂಚಿನ ಹಾಲ್, ತಪಾಸಣೆ ದಾಟಿದ ಮೇಲೆ ಗೇಟುಗಳ ಹತ್ತಿರದ ಅಂಗಡಿಗಳು. ಯಾವುದು ಸರಿ ಎಂದು ತಿಳಿಯಲು ಎರಡು ಲೆಕ್ಕ ಸಾಕು: ನಿಮ್ಮ ಮುಂದೆ ಇನ್ನೂ ಎಷ್ಟು ಸರದಿ ಸಾಲು ಬಾಕಿ ಇವೆ, ಮತ್ತು ಬಿಡಲು ಬಂದವರು ಎಷ್ಟು ಜನ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹೊಟ್ಟೆ ತುಂಬ ಉಣ್ಣುವುದು ನಿಲ್ದಾಣ ತಲುಪುವ ಮುಂಚೆಯೇ ಮುಗಿಯಬೇಕು. ನಿಲ್ದಾಣದ ಹೊರಗೆ ಬಿಡಲು ಬಂದವರ ಜೊತೆ ಒಂದು ಚಾ. ಟರ್ಮಿನಲ್ ಹೊಕ್ಕ ಮೇಲೆ ತಪಾಸಣೆ ದಾಟುವ ತನಕ ಏನೂ ಬೇಡ. ಮತ್ತೆ ಹಸಿವಾದರೆ ಗೇಟಿನ ಹತ್ತಿರ ನೋಡಿಕೊಳ್ಳಿ. "ಏರ್‌ಪೋರ್ಟ್‌ನಾಗ ಏನರೆ ತಿಂದ್ರಾಯ್ತು" ಎಂದು ಬರೀ ಹೊಟ್ಟೆಯಲ್ಲಿ ಮನೆ ಬಿಟ್ಟವರೇ ಹೆಚ್ಚು ಪರದಾಡುವುದು.

ಮೊದಲು ಗಡಿಯಾರ

ದೇಶದೊಳಗಿನ ಹಾರಾಟಕ್ಕೆ ಹೆಚ್ಚಿನ ವಿಮಾನ ಸಂಸ್ಥೆಗಳು ಬ್ಯಾಗ್ ತೆಗೆದುಕೊಳ್ಳುವ ಕೌಂಟರನ್ನು ಹೊರಡುವ ಸಮಯಕ್ಕೆ 60 ನಿಮಿಷ ಮೊದಲು ಮುಚ್ಚುತ್ತವೆ. ಗೇಟು 20ರಿಂದ 25 ನಿಮಿಷ ಮೊದಲು ಮುಚ್ಚುತ್ತದೆ. ವಿದೇಶಕ್ಕಾದರೆ ಕೌಂಟರ್ 60ರಿಂದ 75 ನಿಮಿಷ ಮೊದಲೇ ಬಂದ್. ನಿಮ್ಮ ಸಂಸ್ಥೆಯ ಸಮಯ ಟಿಕೆಟ್ಟಿನಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹಿಂದಿನ ರಾತ್ರಿಯೇ ಓದಿಕೊಳ್ಳಿ.

ಹೈದರಾಬಾದಿನಿಂದ ಬೆಳಿಗ್ಗೆ 10:00ಕ್ಕೆ ದಿಲ್ಲಿ ವಿಮಾನ, ಕೈಯಲ್ಲಿ ಒಪ್ಪಿಸಬೇಕಾದ ಒಂದು ದೊಡ್ಡ ಬ್ಯಾಗ್ ಎಂದಿಟ್ಟುಕೊಳ್ಳಿ. ಕೌಂಟರ್ 9:00ಕ್ಕೆ, ಗೇಟು 9:35ಕ್ಕೆ ಮುಚ್ಚುತ್ತದೆ. ನೀವು 8:00ಕ್ಕೆ ಟರ್ಮಿನಲ್ ಮುಂದೆ ಇಳಿದಿರಿ. ಬಾಗಿಲಲ್ಲಿ ಟಿಕೆಟ್, ಆಧಾರ್ ತೋರಿಸುವ ಸಾಲಿಗೆ 10-15 ನಿಮಿಷ, ಬ್ಯಾಗ್ ಕೊಡಲು 20-30, ತಪಾಸಣೆಗೆ 20-40. ಎಲ್ಲ ಸಲೀಸಾದರೆ 8:50ಕ್ಕೆ, ಎಲ್ಲ ಕೆಟ್ಟರೆ 9:25ಕ್ಕೆ ತಪಾಸಣೆಯ ಆಚೆ ಇರುತ್ತೀರಿ. ಈಗ ಬ್ಯಾಗ್ ಕೊಟ್ಟಾದ ಮೇಲೆ, ತಪಾಸಣೆಗೆ ಮುಂಚೆ, ಅರ್ಧ ತಾಸು ದೋಸೆಗೆಂದು ಕೂತಿರಿ. ಸಲೀಸಾದ ದಿನ 9:20, ಚಿಂತೆಯಿಲ್ಲ. ಕೆಟ್ಟ ದಿನ 9:55, ಗೇಟು ಮುಚ್ಚಿ ಇಪ್ಪತ್ತು ನಿಮಿಷ ಆಗಿರುತ್ತದೆ. ತೊಂದರೆ ಏನೆಂದರೆ, ಇವತ್ತು ಯಾವ ಥರದ ದಿನ ಎಂದು, ದೋಸೆಗೆ ಹೇಳುವ ಹೊತ್ತಿಗೆ, ನಿಮಗೆ ಗೊತ್ತಿರುವುದಿಲ್ಲ. ಅದೇ ಅರ್ಧ ತಾಸನ್ನು ತಪಾಸಣೆ ದಾಟಿದ ಮೇಲೆ ಇಟ್ಟುಕೊಂಡರೆ ಎಷ್ಟು ನಿಮಿಷ ಉಳಿದಿದೆ ಎಂಬುದು ಕಣ್ಣೆದುರೇ ಇರುತ್ತದೆ. ಹತ್ತೇ ನಿಮಿಷವಿದ್ದರೆ ಪಾರ್ಸೆಲ್, ನಲವತ್ತಿದ್ದರೆ ಕೂತು ಉಣ್ಣಬಹುದು.

ಕೈಚೀಲ ಮಾತ್ರ ಇದ್ದು, ಬೋರ್ಡಿಂಗ್ ಪಾಸ್ ಮೊಬೈಲಿನಲ್ಲೇ ಇದ್ದರೆ ಒಂದು ಸಾಲು ತಪ್ಪುತ್ತದೆ. ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ಇರುವ ನಿಲ್ದಾಣದಲ್ಲಿ ಬಾಗಿಲ ಸಾಲೂ ಬೇಗ ಸಾಗುತ್ತದೆ. ಆದರೆ ಕೈಚೀಲ ಎಕ್ಸ್‌ರೇಗೆ ಹಾಕುವ ಸಾಲನ್ನು ಅದು ಕಡಿಮೆ ಮಾಡುವುದಿಲ್ಲ. ಹೊತ್ತು ತಿನ್ನುವುದೇ ಆ ಸಾಲು.

ಕಲಬುರಗಿಯಿಂದಲೇ ಹಾರುವುದಾದರೆ

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು. ಶ್ರೀನಿವಾಸ ಸರಡಗಿ ಹತ್ತಿರ, ಸೇಡಂ ರಸ್ತೆಯಲ್ಲಿ, ಊರಿಂದ ಹತ್ತಿರ ಹತ್ತಿರ 14 ಕಿ.ಮೀ. ಸಣ್ಣ ಟರ್ಮಿನಲ್. ಇಂಥ ನಿಲ್ದಾಣದಲ್ಲಿ ಸಾಲು ಚಿಕ್ಕದು, ಎಲ್ಲವೂ ಬೇಗ ಮುಗಿಯುತ್ತದೆ. ಆದರೆ ಅಂಗಡಿ ವಿಮಾನದ ವೇಳೆಗೆ ಅಂಟಿಕೊಂಡಿರುತ್ತದೆ: ದಿನಕ್ಕೆ ಒಂದೆರಡು ವಿಮಾನಕ್ಕಾಗಿ ಯಾರೂ ಇಡೀ ದಿನ ಒಲೆ ಹಚ್ಚಿ ಕೂರುವುದಿಲ್ಲ. ಚಾ, ಬಿಸ್ಕೀಟು, ಪಾಕೀಟಿನ ತಿಂಡಿ ಸಿಕ್ಕರೆ ಸಿಕ್ಕಿತು ಎನ್ನುವ ಲೆಕ್ಕದಲ್ಲೇ ಹೋಗಿ. ಊಟ ಸಿಗುತ್ತದೆ ಎಂದು ನಂಬಿ ಹೋಗಬೇಡಿ.

ಹಾಗಾಗಿ ಇಲ್ಲಿ ಆಯ್ಕೆ ಊರೊಳಗಿನ ಹೋಟೆಲು. ಸೇಡಂ ರಸ್ತೆ ಹಿಡಿದವರು ಇಎಸ್‌ಐಸಿ ಆಸ್ಪತ್ರೆ, ಗುಲಬರ್ಗಾ ವಿಶ್ವವಿದ್ಯಾಲಯದ ಆಸುಪಾಸಿನಲ್ಲೇ ತಿಂಡಿ ಮುಗಿಸಿಕೊಳ್ಳಬೇಕು. ಅಲ್ಲಿಂದ ಆಚೆ ಹೊಲಗಳೇ ಹೆಚ್ಚು, ನಿಂತು ಉಣ್ಣುವ ಜಾಗ ಕಡಿಮೆ. ಇಡ್ಲಿ ತಟ್ಟೆಗೆ ಬರಲು ಐದು ನಿಮಿಷ, ತಿನ್ನಲು ಹತ್ತು. ಸುಸಲಾ ಅದಕ್ಕಿಂತ ಬೇಗ. ಪೂರಿ, ದೋಸೆಗೆ ಎಣ್ಣೆ ಕಾಯಬೇಕು, ಕಾವಲಿ ಖಾಲಿಯಾಗಬೇಕು. ಜನ ತುಂಬಿದ ಬೆಳಿಗ್ಗೆ ಹದಿನೈದು ನಿಮಿಷ ಹಿಡಿಯಿರಿ. ಖಾನಾವಳಿಯಲ್ಲಿ ಕೂತು ಬಿಸಿ ರೊಟ್ಟಿ ಊಟ ಮಾಡುವುದಾದರೆ ಮುಕ್ಕಾಲು ತಾಸು ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಆ ಊಟದ ಸುಖವೂ ಇಲ್ಲ.

ಬೆಂಗಳೂರಿಗೆ ವಿಮಾನವಿದ್ದರೆ ಆ ಹಾರಾಟ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು. ಇಷ್ಟು ಚಿಕ್ಕ ಹಾರಾಟದಲ್ಲಿ ಊಟದ ಆಸೆ ಇಟ್ಟುಕೊಳ್ಳುವುದು ಬೇಡ. ಟಿಕೆಟ್ಟಿನಲ್ಲಿ ತಿಂಡಿ ಸೇರಿದ್ದರೂ ಅದು ಒಂದು ಸ್ಯಾಂಡ್‌ವಿಚ್ಚಿನ ಅಳತೆಯದು.

ಯಾದಗಿರಿಯವರಿಗೆ ತಮ್ಮ ಜಿಲ್ಲೆಯಲ್ಲಿ ವಿಮಾನವಿಲ್ಲ. ಕಲಬುರಗಿಗೆ ಬಂದು ಹಾರುವುದಾದರೆ ರೈಲಿಳಿದು ಸ್ಟೇಷನ್ ಹತ್ತಿರವೇ ತಿಂದು ಆಟೋ ಹಿಡಿಯುವುದು ಮೇಲು. ಆಟೋದವರು ದಾರಿಯಲ್ಲಿ ನಿಲ್ಲಿಸಿದರೆ ಕಾಯುವ ಹಣ ಕೇಳುತ್ತಾರೆ, ಅದೇ ಹಣಕ್ಕೆ ಸ್ಟೇಷನ್ ಎದುರು ಎರಡು ಪ್ಲೇಟು ಇಡ್ಲಿ ಬರುತ್ತದೆ.

ಬೀದರ

ಬೀದರಿನ ಟರ್ಮಿನಲ್ ವಾಯುಪಡೆಯ ನೆಲೆಗೆ ಸೇರಿದ್ದು, 2020ರ ಫೆಬ್ರುವರಿಯಿಂದ ನಾಗರಿಕ ವಿಮಾನ ಶುರುವಾದದ್ದು. ಊರು ಹತ್ತಿರ. ಊರಲ್ಲೇ ಉಂಡು ಹೋಗಿ. ಬಿಡಲು ಬಂದವರು ಗೇಟಿನ ಆಚೆ ಈಚೆ ನಿಂತು ಡಬ್ಬಿ ಬಿಚ್ಚುವುದು, ಫೋಟೊ ತೆಗೆಯುವುದು ಸೈನ್ಯದ ಜಾಗದಲ್ಲಿ ನಡೆಯುವುದಿಲ್ಲ.

ಹೈದರಾಬಾದಿಗೆ ಹೋಗಿ ಹಾರುವುದಾದರೆ

ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೋಗುವವರು, ಉಮ್ರಾಕ್ಕೆ ಹೊರಟವರು, ಅಮೆರಿಕಕ್ಕೆ ಓದಲು ಹೋಗುವ ಮಕ್ಕಳು, ಹೀಗೆ ಈ ಮೂರು ಜಿಲ್ಲೆಗಳಿಂದ ಹೈದರಾಬಾದ್ ನಿಲ್ದಾಣವಿರುವ ಶಂಷಾಬಾದಿಗೆ ಹೋಗುವವರೇ ಬಹಳ. ಒಬ್ಬರು ಹಾರುತ್ತಾರೆ, ಒಂಬತ್ತು ಮಂದಿ ಬಿಡಲು ಬರುತ್ತಾರೆ. ಊಟದ ಪ್ರಶ್ನೆ ನಿಜಕ್ಕೂ ಕಗ್ಗಂಟಾಗುವುದು ಇಲ್ಲೇ, ಯಾಕೆಂದರೆ ಟಿಕೆಟ್ ಇಲ್ಲದವರು ಟರ್ಮಿನಲ್ ಬಾಗಿಲು ದಾಟುವಂತಿಲ್ಲ. ಹಾರುವವರು ಒಮ್ಮೆ ಒಳಹೊಕ್ಕರೆ "ಒಂದು ನಿಮಿಷ ಹೊರಗೆ ಹೋಗಿ ಬರುತ್ತೇನೆ" ಎನ್ನುವುದೂ ಸುಲಭವಿಲ್ಲ. ಭದ್ರತೆಯವರು ಸುಮ್ಮನೆ ಬಿಡುವುದಿಲ್ಲ, ವಿಮಾನ ಸಂಸ್ಥೆಯ ಸಿಬ್ಬಂದಿಯನ್ನು ಕರೆಸಬೇಕಾಗುತ್ತದೆ. ಆದ್ದರಿಂದ ಎಲ್ಲರೂ ಕೂಡಿ ಉಣ್ಣುವ ಊಟ ಎಂದರೆ ಅದು ಬಾಗಿಲ ಹೊರಗಿನ ಊಟವೇ.

ಬೀದರಿನವರು ಜಹೀರಾಬಾದ್ ಮೇಲೆ, ಕಲಬುರಗಿಯವರಲ್ಲಿ ಹಲವರು ಹುಮನಾಬಾದ್ ದಾಟಿ ಅದೇ ಜಹೀರಾಬಾದ್ ಮೇಲೆ, ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಸಾಗಿ ಪಟಾನ್‌ಚೆರು ಬಳಿ ಹೊರವರ್ತುಲ ರಸ್ತೆ ಏರುತ್ತಾರೆ. ಇಲ್ಲಿ ನೆನಪಿಡಬೇಕಾದ ಸಂಗತಿ ಒಂದಿದೆ. ಹೊರವರ್ತುಲ ರಸ್ತೆ ಏರಿದ ಮೇಲೆ ಶಂಷಾಬಾದ್ ತನಕ ಮುಕ್ಕಾಲು ತಾಸು ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಹೆದ್ದಾರಿಯ ಹಾಗೆ ಅಕ್ಕಪಕ್ಕ ಧಾಬಾಗಳ ಸಾಲೂ ಇಲ್ಲ. ಕೊನೆಯ ಊಟದ ಜಾಗ ಎಂದರೆ ಸದಾಶಿವಪೇಟೆಯಿಂದ ಸಂಗಾರೆಡ್ಡಿ ತನಕದ ಹೆದ್ದಾರಿ. "ಇನ್ನಷ್ಟು ಮುಂದೆ ಹೋಗಿ ಉಣ್ಣೋಣ" ಎನ್ನುತ್ತ ಅದನ್ನು ದಾಟಿದರೆ ಮುಂದಿನ ತುತ್ತು ನಿಲ್ದಾಣದ ದರದಲ್ಲೇ.

ಸೇಡಂ, ಚಿಂಚೋಳಿ ಕಡೆಯಿಂದ ತಾಂಡೂರು, ವಿಕಾರಾಬಾದ್, ಚೇವೆಳ್ಳ ದಾರಿ ಹಿಡಿಯುವವರಿಗೆ ವಿಕಾರಾಬಾದಿನಲ್ಲೇ ಉಣ್ಣುವುದು ಕ್ಷೇಮ. ಯಾದಗಿರಿಯಿಂದ ಗುರುಮಠಕಲ್ ಮೂಲಕ ತೆಲಂಗಾಣ ಸೇರಿ ಮೆಹಬೂಬ್‌ನಗರದ ಕಡೆಯಿಂದ ಬರುವವರಿಗೆ ಈ ಚಿಂತೆ ಕಡಿಮೆ: ಶಾದನಗರದ ತನಕ, ಅದರಾಚೆಗೂ, ಹೆದ್ದಾರಿ 44ರಲ್ಲಿ ಹೋಟೆಲುಗಳು ಸಿಗುತ್ತವೆ, ಅಲ್ಲಿಂದ ನಿಲ್ದಾಣವೂ ದೂರವಲ್ಲ.

ನಸುಕಿನ ವಿಮಾನಕ್ಕೆ ರಾತ್ರಿ ಎರಡು, ಮೂರರ ಹೊತ್ತಿಗೆ ಧಾಬಾದಲ್ಲಿ ನಿಂತರೆ ಏನು ಬೇಕೆಂದು ನೋಡಿ ಹೇಳಿ. ಆ ಹೊತ್ತಿಗೆ ತಂದೂರಿನ ಬೆಂಕಿ ಕೆದರಿ ರೊಟ್ಟಿ ಬರಲು ಇಪ್ಪತ್ತು ನಿಮಿಷ ಬೇಕು. ಹಂಡೆಯ ತಳದಲ್ಲಿ ಉಳಿದ ಬಿರಿಯಾನಿ ಸಂಜೆಯದು, ಮತ್ತೆ ಮತ್ತೆ ಬಿಸಿ ಮಾಡಿದ್ದು. ಕಣ್ಣೆದುರು ಆಗುವುದನ್ನೇ ಕೇಳಿ: ಆಮ್ಲೆಟ್, ತವಾ ಚಪಾತಿ, ಕುದಿಯುವ ಚಾ. ದಾಲ್ ತಡ್ಕಾ ಸಹ ಎದುರಿಗೆ ಕುದಿ ಬಂದರೆ ಮಾತ್ರ.

ಇನ್ನು ನಿಲ್ದಾಣದ ಹೊರಗಿನ ಅಂಗಳ. ನಿರ್ಗಮನದ ಏರುದಾರಿಯಲ್ಲಿ ಗಾಡಿ ನಿಲ್ಲುವುದು ಇಳಿಸಲು ಮಾತ್ರ. ಅಲ್ಲಿ ಡಿಕ್ಕಿ ತೆರೆದು ಊಟದ ಡಬ್ಬಿ ಹುಡುಕುತ್ತ ನಿಂತರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಸಿಬ್ಬಂದಿ ಸೀಟಿ ಊದುತ್ತಾರೆ. ಮೊದಲೇ ಪಾರ್ಕಿಂಗಿಗೆ ಹೋಗಿ. ಕೆಳಗಡೆ, ಬರುವವರನ್ನು ಕಾಯುವ ಕಡೆ, ಟಿಕೆಟ್ ಇಲ್ಲದವರೂ ಕೂತು ತಿನ್ನಬಹುದಾದ ಅಂಗಡಿಗಳಿವೆ. ಬೆಲೆ ಊರಿನದಲ್ಲ. ಹತ್ತು ಮಂದಿಗೆ ಅಲ್ಲಿ ಊಟ ಕೊಡಿಸುವುದಕ್ಕಿಂತ ಸಂಗಾರೆಡ್ಡಿಯಲ್ಲಿ ಉಣಿಸಿ, ಇಲ್ಲಿ ಚಾ ಕುಡಿಸುವುದು ಜಾಣತನ. ಸಮಯದ ಗಡಿ ಮೊದಲೇ ಹಾಕಿಕೊಳ್ಳಿ: ವಿದೇಶದ ಹಾರಾಟವಾದರೆ ವಿಮಾನ ಹೊರಡುವ ಮೂರು ತಾಸು ಮುಂಚೆ, ದೇಶದೊಳಗಿನದಾದರೆ ಎರಡು ತಾಸು ಮುಂಚೆ ಹಾರುವವರು ಬಾಗಿಲ ಸಾಲಿನಲ್ಲಿರಬೇಕು. ಅಪ್ಪಿಕೊಳ್ಳುವುದು, ಕಾಲಿಗೆ ಬೀಳುವುದು, ಉಡಿ ತುಂಬುವುದು ಎಲ್ಲಕ್ಕೂ ಕಾಲು ತಾಸು ಬೇರೆಯಾಗಿ ಎತ್ತಿಡಿ. ಚಾ ಲೆಕ್ಕದಲ್ಲಿ ಅದನ್ನು ಸೇರಿಸಿದರೆ ಎರಡೂ ಕೆಡುತ್ತವೆ.

ಒಳಗಿನ ಎರಡು ಹಾಲ್

ತಪಾಸಣೆಗೆ ಮುಂಚಿನ ಹಾಲಿನಲ್ಲಿ ತಿನ್ನುವುದಕ್ಕೆ ಒಳ್ಳೆಯ ಕಾರಣಗಳೂ ಇವೆ. ಕೌಂಟರ್ ಇನ್ನೂ ತೆರೆದಿಲ್ಲ, ತೀರ ಬೇಗ ಬಂದಿದ್ದೀರಿ. ಬೇರೆ ವಿಮಾನ ಸಂಸ್ಥೆಯಲ್ಲಿ ಹೋಗುವ ಗೆಳೆಯರು ಜೊತೆಗಿದ್ದಾರೆ. ಕೈಯಲ್ಲಿ ಮೊಸರನ್ನ, ಸಾರಿನಂಥ ತಪಾಸಣೆಯಲ್ಲಿ ಅಡ್ಡಿಯಾಗುವ ಊಟವಿದೆ. ಸಕ್ಕರೆ ಕಾಯಿಲೆಯವರಿಗೆ ಗುಳಿಗೆಯ ಹೊತ್ತಾಗಿದೆ. ಇವಲ್ಲದಿದ್ದರೆ ದಾಟಿಯೇ ತಿನ್ನಿ. ದೊಡ್ಡ ನಿಲ್ದಾಣಗಳಲ್ಲಿ ಅಂಗಡಿಗಳ ಸಂಖ್ಯೆ ಒಳಗಡೆಯೇ ಹೆಚ್ಚು, ಕುರ್ಚಿಗಳೂ ಹೆಚ್ಚು.

ಬೆಲೆಯಲ್ಲಿ ಎರಡೂ ಹಾಲಿಗೆ ಅಂಥ ವ್ಯತ್ಯಾಸವಿಲ್ಲ, ಎರಡೂ ಕಡೆ ಕೈ ಸುಡುತ್ತದೆ. ಇದಕ್ಕೆ ಮದ್ದಾಗಿ ವಿಮಾನ ನಿಲ್ದಾಣ ಪ್ರಾಧಿಕಾರ 2024ರ ಡಿಸೆಂಬರಿನಲ್ಲಿ ಕೋಲ್ಕತ್ತಾದಲ್ಲಿ ಉಡಾನ್ ಯಾತ್ರಿ ಕೆಫೆ ಶುರುಮಾಡಿತು, 2025ರ ಫೆಬ್ರುವರಿಯಲ್ಲಿ ಚೆನ್ನೈಗೂ ತಂದಿತು: ಆಗ ಚಾ 10 ರೂಪಾಯಿ, ನೀರು 10, ಕಾಫಿ 20, ಸಮೋಸಾ 20. ಇಂಥ ಕೆಫೆ ಇರುವ ಊರಿನಲ್ಲಿ ವಿಮಾನ ಬದಲಿಸುವವರು ಹುಡುಕಿಕೊಂಡು ಹೋಗುವಂಥದ್ದು. ಹೈದರಾಬಾದ್, ಬೆಂಗಳೂರು ನಿಲ್ದಾಣಗಳನ್ನು ನಡೆಸುವುದು ಪ್ರಾಧಿಕಾರವಲ್ಲ, ಖಾಸಗಿ ಕಂಪನಿಗಳು. ಅಲ್ಲಿ ಈ ದರದ ಅಂಗಡಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ನೀರಿನ ಬಾಟಲಿ ಕೊಳ್ಳುವಾಗ ಅದರ ಮೇಲೆ ಅಚ್ಚಾದ ಬೆಲೆ ನೋಡಿ. ಒಂದೇ ಸರಕಿಗೆ ಊರಿಗೊಂದು, ನಿಲ್ದಾಣಕ್ಕೊಂದು ಎಂದು ಎರಡು ಎಂಆರ್‌ಪಿ ಅಚ್ಚು ಹಾಕುವುದನ್ನು 2018ರಿಂದ ನಿಲ್ಲಿಸಲಾಗಿದೆ. ಖಾಲಿ ಬಾಟಲಿ ಒಯ್ದು ತಪಾಸಣೆಯ ಆಚೆಯ ನಲ್ಲಿಯಲ್ಲಿ ತುಂಬಿಕೊಂಡರೆ ಆ ಖರ್ಚೂ ಇಲ್ಲ.

ಲಾಂಜ್, ಅಂದರೆ ಬ್ಯಾಂಕ್ ಕಾರ್ಡು ತೋರಿಸಿ ಹೊಗುವ ಊಟದ ವ್ಯವಸ್ಥೆಯ ಕಾಯುವ ಕೋಣೆ, ಪುಕ್ಕಟೆ ಊಟ ಎಂದು ತಿಳಿದವರಿಗೆ ಒಂದು ಮಾತು. ದೊಡ್ಡ ನಿಲ್ದಾಣಗಳಲ್ಲಿ ಹೆಚ್ಚಿನ ಲಾಂಜ್ ತಪಾಸಣೆಯ ಆಚೆ ಇರುತ್ತವೆ, ಬೆಳಿಗ್ಗೆ ಬಾಗಿಲಲ್ಲೇ ಸಾಲು ನಿಂತಿರುತ್ತದೆ. ಕಾರ್ಡಿಗೆ ಈ ಸೌಲಭ್ಯ ಇದೆಯೇ, ಹಿಂದಿನ ತಿಂಗಳುಗಳಲ್ಲಿ ಇಷ್ಟು ಖರ್ಚು ಮಾಡಿರಬೇಕೆಂಬ ಷರತ್ತಿದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ. ಅರ್ಧ ತಾಸಿಗಿಂತ ಕಡಿಮೆ ಉಳಿದಿದ್ದರೆ ಆ ಕಡೆ ತಿರುಗಬೇಡಿ.

ಹೊಟ್ಟೆಗೆ ಯಾವುದು ಹಿತ

ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ಒತ್ತಡ ಇಳಿದಾಗ ಹೊಟ್ಟೆಯಲ್ಲಿರುವ ಗಾಳಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ನೆಲದ ಮೇಲೆ ಏನೂ ಅನ್ನಿಸದ ಹೊಟ್ಟೆಯುಬ್ಬರ ಮೇಲೆ ಕಾಡುವುದು ಇದಕ್ಕೇ. ಮಿರ್ಚಿ ಬಜಿ ತಿಂದು ಮೇಲೊಂದು ಸೋಡಾ ಕುಡಿದು ವಿಮಾನ ಹತ್ತುವುದು ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟ ಜೋಡಿ. ಕಡಲೆಹಿಟ್ಟು, ಎಣ್ಣೆ, ಗ್ಯಾಸು ಮೂರೂ ಸೇರುತ್ತವೆ. ಗಟ್ಟಿ ತೊಗರಿ ಬ್ಯಾಳಿ, ಕಾಳಿನ ಉಸಳಿ ಸಹ ಅವತ್ತು ಕಡಿಮೆ ಇರಲಿ. ಕಲಬುರಗಿ ತೊಗರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ನಿಜ. ಹೊಟ್ಟೆಯ ಗಾಳಿಗೆ ಅದು ಗೊತ್ತಾಗುವುದಿಲ್ಲ.

ಇಡ್ಲಿ ನಾಲ್ಕು, ಸಾಂಬಾರು ಅರ್ಧ ಬಟ್ಟಲು, ವಡಾ ಇಲ್ಲದೆ: ಎರಡು ತಾಸಿನ ಹಾರಾಟಕ್ಕೆ ಇಷ್ಟು ಸಾಕು. ಸುಸಲಾ ಒಂದು ಪ್ಲೇಟು ಹಗುರ, ಆದರೆ ಎರಡು ತಾಸಿಗೆ ಮತ್ತೆ ಹಸಿವು. ಜೋಳದ ರೊಟ್ಟಿ ಎರಡು, ಪುಂಡಿ ಪಲ್ಯ, ಮೊಸರು: ನಾಲ್ಕೈದು ತಾಸು ತಡೆಯುತ್ತದೆ. ಹೈದರಾಬಾದಿಗೆ ರಸ್ತೆ ಹಿಡಿಯುವವರು ಮನೆಯಿಂದ ಹೊರಡುವಾಗ ಉಣ್ಣಲು ಇದಕ್ಕಿಂತ ಒಳ್ಳೆಯದಿಲ್ಲ. ತಹರಿ, ಬಿರಿಯಾನಿ ತಿಂದರೆ ಬಾಯಾರಿಕೆ ಹೆಚ್ಚು, ನೀರು ಹೆಚ್ಚು, ಕಿಟಕಿ ಸೀಟಿನವರು ಪಕ್ಕದವರನ್ನು ಎಬ್ಬಿಸುವುದೂ ಹೆಚ್ಚು.

ಬುತ್ತಿ ಒಯ್ಯುವುದಾದರೆ

ಬೆಲೆ, ರುಚಿ, ಸಮಯ ಮೂರರಲ್ಲೂ ಬುತ್ತಿಯೇ ಗೆಲ್ಲುತ್ತದೆ, ಸರಿಯಾಗಿ ಕಟ್ಟಿದರೆ. ಒಣ ತಿನಿಸನ್ನು ತಪಾಸಣೆಯಲ್ಲಿ ತಡೆಯುವುದಿಲ್ಲ. ಒಬ್ಬರಿಗೆ ಎರಡು ಚಪಾತಿ ಇಲ್ಲವೆ ಎರಡು ಕಡಕ್ ರೊಟ್ಟಿ, ನೀರಿಲ್ಲದ ಪಲ್ಯ, ಒಂದು ಬಾಳೆಹಣ್ಣು. ಚಪಾತಿಯನ್ನು ಬಿಸಿಬಿಸಿಯಾಗಿ ಡಬ್ಬಿಗೆ ಹಾಕಿ ಮುಚ್ಚಿದರೆ ಉಗಿ ನೀರಾಗಿ ಕೆಳಗಿನದು ಮುದ್ದೆಯಾಗುತ್ತದೆ. ಬಟ್ಟೆಯಲ್ಲಿ ಹತ್ತು ನಿಮಿಷ ಆರಿಸಿ ಕಟ್ಟಿ. ಕಡಕ್ ರೊಟ್ಟಿ ಕೈಚೀಲದಲ್ಲಿ ಪುಡಿಯಾಗುತ್ತದೆ, ನಾಲ್ಕಾಗಿ ಮುರಿದು ಗಟ್ಟಿ ಡಬ್ಬಿಗೆ ಹಾಕಿ. ಸ್ಟೀಲ್ ಡಬ್ಬಿಯ ಒಳಗೆ ಎಕ್ಸ್‌ರೇಗೆ ಸರಿಯಾಗಿ ಕಾಣದೆ ಬ್ಯಾಗ್ ಬಿಚ್ಚಿಸುವುದುಂಟು. ಪ್ಲಾಸ್ಟಿಕ್ ಡಬ್ಬಿ ಆ ಕಾಟ ತಪ್ಪಿಸುತ್ತದೆ.

ಮೊಸರ ಬುತ್ತಿಯ ವಿಷಯ ಬೇರೆ. ಬೇಸಿಗೆಯಲ್ಲಿ ನಮ್ಮ ಕಡೆ ನಲವತ್ತು ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಅನ್ನದ ಅಡುಗೆ ಒಂದು ತಾಸಿಗಿಂತ ಹೆಚ್ಚು ಹೊರಗಿರುವುದು ಒಳ್ಳೆಯದಲ್ಲ, ಎಸಿ ಗಾಡಿಯಲ್ಲಾದರೆ ಎರಡು ತಾಸು. ವಿದೇಶದ ಹಾರಾಟದಲ್ಲಿ ಕೈಚೀಲದ ದ್ರವಕ್ಕೆ 100 ಮಿ.ಲೀ. ಮಿತಿ ಇದೆ, ಮೊಸರು, ಸಾರು, ಗಟ್ಟಿ ಚಟ್ನಿ, ತುಪ್ಪ ಎಲ್ಲ ಆ ಲೆಕ್ಕಕ್ಕೇ ಬೀಳುತ್ತವೆ. ಹೊರಗೇ ಮುಗಿಸಿಬಿಡಿ. ದೇಶದೊಳಗಿನ ಹಾರಾಟಕ್ಕೆ ನೀರಿನ ಬಾಟಲಿಯನ್ನು ಸಾಮಾನ್ಯವಾಗಿ ಬಿಡುತ್ತಾರೆ.

ಶೇಂಗಾ ಹಿಂಡಿ, ಖಾರದ ಪುಡಿ, ಮೆಣಸಿನಕಾಯಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಖಾರದ ಪುಡಿಯನ್ನು ಕಣ್ಣಿಗೆ ಎರಚುವ ವಸ್ತುವಾಗಿ ನೋಡುತ್ತಾರೆ, ತಕರಾರು ಶುರುವಾದರೆ ಇಡೀ ಬುತ್ತಿ ಮೇಜಿನ ಮೇಲೆ ಬರುತ್ತದೆ. ಅವನ್ನು ಎರಡು ಪದರ ಕಟ್ಟಿ ಒಪ್ಪಿಸುವ ಬ್ಯಾಗಿಗೆ ಹಾಕಿ. ಉಡಿ ತುಂಬಿದ ಒಣ ಕೊಬ್ಬರಿ ಬಟ್ಟಲನ್ನು ಮಾತ್ರ ಯಾವ ಬ್ಯಾಗಿಗೂ ಹಾಕುವಂತಿಲ್ಲ. ಅದರ ಎಣ್ಣೆಯಿಂದಾಗಿ ತಾನೇ ಕಾದು ಬೆಂಕಿ ಹೊತ್ತಬಹುದಾದ ಸರಕಿನ ಪಟ್ಟಿಯಲ್ಲಿದೆ. ಉಡಿಯ ಕೊಬ್ಬರಿಯನ್ನು ಬಾಗಿಲಲ್ಲೇ ಅವ್ವನ ಕೈಗೆ ವಾಪಸು ಕೊಡಿ, ಅಕ್ಕಿ, ಅಡಿಕೆ, ಉತ್ತತ್ತಿ ಜೊತೆಗಿರಲಿ. ಚಾ ಅಂಗಡಿಯಲ್ಲಿ ಕಡ್ಡಿಪೆಟ್ಟಿಗೆ, ಲೈಟರ್ ಜೇಬಿಗೆ ಸೇರಿದ್ದರೆ ಅದನ್ನೂ ಅಲ್ಲೇ ಬಿಡಿ.

ವಿಮಾನ ತಡವಾದರೆ

ಎರಡೂವರೆ ತಾಸಿನೊಳಗಿನ ಹಾರಾಟ ಎರಡು ತಾಸು ಅಥವಾ ಹೆಚ್ಚು ತಡವಾದರೆ, ಸಮಯಕ್ಕೆ ಸರಿಯಾಗಿ ಚೆಕ್-ಇನ್ ಮಾಡಿದವರಿಗೆ ವಿಮಾನ ಸಂಸ್ಥೆಯೇ ಊಟ ಇಲ್ಲವೆ ತಿಂಡಿ ಕೊಡಬೇಕೆಂದು ವಿಮಾನಯಾನದ ಮೇಲ್ವಿಚಾರಣೆ ಮಾಡುವ ಸರಕಾರಿ ಸಂಸ್ಥೆ ಡಿಜಿಸಿಎಯ ನಿಯಮವಿದೆ. ಎರಡೂವರೆಯಿಂದ ಐದು ತಾಸಿನ ಹಾರಾಟಕ್ಕೆ ಈ ಮಿತಿ ಮೂರು ತಾಸು, ಉಳಿದವಕ್ಕೆ ನಾಲ್ಕು. ತಾವಾಗಿ ಕರೆದು ಕೊಡುವುದು ಅಪರೂಪ. ಗೇಟಿನ ಸಿಬ್ಬಂದಿಯನ್ನು ಬೋರ್ಡಿಂಗ್ ಪಾಸ್ ತೋರಿಸಿ ಕೇಳಬೇಕು, ಕೂಪನ್ ಕೊಟ್ಟರೆ ಯಾವ ಅಂಗಡಿಯಲ್ಲಿ, ಎಷ್ಟು ರೂಪಾಯಿ ತನಕ ನಡೆಯುತ್ತದೆ ಎಂದೂ ಅಲ್ಲೇ ಕೇಳಿಕೊಳ್ಳಬೇಕು. ಹಣ ಕೊಟ್ಟು ತಿಂದ ಮೇಲೆ ಬಿಲ್ಲು ಹಿಡಿದು ಹೋದರೆ ಆ ಹಣ ಹಿಂದಿರುಗುವುದು ಕಷ್ಟ.